22 ಜಿಬಿ ಫೋಟೋ, ಕ್ಲೌಡ್‌ನಲ್ಲಿ ಜಾಗ 6 ಜಿಬಿ: ಲ್ಯಾಪ್‌ಟಾಪ್‌ಗೆ ಸಾಗಿಸೋದು ಹೇಗೆ?

ಕಡಲತಡಿ:
ಹಳೇ ಆಂಡ್ರಾಯ್ಡ್ ಫೋನಿನ ಕ್ಯಾಮೆರಾ ಫೋಲ್ಡರ್‌ನಲ್ಲಿ 22 ಜಿಬಿ ಫೋಟೋ, ವಿಡಿಯೋ ಇವೆ. ಎಲ್ಲವನ್ನೂ ವಿಂಡೋಸ್ ಲ್ಯಾಪ್‌ಟಾಪ್‌ಗೆ ಹಾಕಿ ಫೋನ್ ರೀಸೆಟ್ ಮಾಡಬೇಕು. ಚಾರ್ಜಿಂಗ್ ಪೋರ್ಟ್ ಸಡಿಲವಾಗಿದೆ, ಕೇಬಲ್ ಹಾಕಿದರೆ ಕಾಪಿ ಅರ್ಧಕ್ಕೇ ಕಡಿದುಹೋಗುತ್ತೆ. ಗೂಗಲ್ ಅಕೌಂಟಿನ 15 ಜಿಬಿಯಲ್ಲಿ 6 ಉಳಿದಿದೆ. ದುಡ್ಡು ಕೊಡದೆ, ಕ್ವಾಲಿಟಿ ಕೆಡದೆ ಆಗುತ್ತಾ? ಫೋಟೋಸ್ ಆ್ಯಪ್‌ನಲ್ಲಿ ಬ್ಯಾಕಪ್ ಆನ್ ಮಾಡಿದರೆ ಸಾಕಾ?

ಬಯಲುಸೀಮೆ:
ಬ್ಯಾಕಪ್ ಆನ್ ಮಾಡಬೇಡಿ. 2021ರ ಜೂನ್ 1ರಿಂದ ಫೋಟೋಸ್‌ಗೆ ಹೋಗುವುದೆಲ್ಲ ಅದೇ 15 ಜಿಬಿಯ ಲೆಕ್ಕಕ್ಕೆ ಬರುತ್ತೆ. ಜಾಗ ಪೂರ್ತಿ ತುಂಬಿದರೆ ಜಿಮೇಲ್‌ಗೆ ಮೇಲ್ ಬರೋದೂ ನಿಲ್ಲುತ್ತೆ. ಫೋಟೋಸ್‌ನಲ್ಲಿ ಜಾಗ ಉಳಿಸುವ ಸ್ಟೋರೇಜ್ ಸೇವರ್ ಆಯ್ಕೆ ಹಾಕಿದರೆ ದೊಡ್ಡ ಫೋಟೋ 16 ಮೆಗಾಪಿಕ್ಸೆಲ್‌ಗೆ, ವಿಡಿಯೋ 1080ಪಿಗೆ ಇಳಿಯುತ್ತೆ. ನಿಮಗೆ ಬೇಕಿರೋದು ಗೂಗಲ್ ಡ್ರೈವ್. ಅದು ಫೈಲನ್ನು ಇದ್ದ ಹಾಗೇ ಇಡುತ್ತೆ.

ಒಂದು ಕಂತಿಗೆ 5 ಜಿಬಿಯಂತೆ ಐದು ಕಂತು ಮಾಡಿ. ಡ್ರೈವ್‌ನಲ್ಲಿ "ಕಂತು1" ಅಂತ ಫೋಲ್ಡರ್ ಮಾಡಿಕೊಂಡು, ಫೋನಿನ ಫೈಲ್ಸ್ ಆ್ಯಪ್‌ನಲ್ಲಿ ಒಂದೆರಡು ತಿಂಗಳ ಫೋಟೋ ಆಯ್ದು, ಶೇರ್ ಒತ್ತಿ ಡ್ರೈವ್‌ಗೆ ಕಳಿಸಿ. ಒಂದೇ ಸಲ ಸಾವಿರ ಆಯ್ದರೆ ಆ್ಯಪ್ ತಡವರಿಸುತ್ತೆ, 150-200 ಸಾಕು. ಅಪ್‌ಲೋಡ್ ವೇಗ 10 ಎಂಬಿಪಿಎಸ್ ಇದ್ದರೆ 5 ಜಿಬಿಗೆ ಲೆಕ್ಕದಲ್ಲಿ ಒಂದು ಗಂಟೆ ಚಿಲ್ಲರೆ. ಸಣ್ಣ ಫೈಲುಗಳು ಜಾಸ್ತಿ ಇದ್ದರೆ ಇನ್ನೂ ಹೆಚ್ಚು. ಸ್ಕ್ರೀನ್ ಆಫ್ ಆದ ಮೇಲೆ ಅಪ್‌ಲೋಡ್ ನಿಂತರೆ, ಡ್ರೈವ್ ಆ್ಯಪ್‌ನ ಬ್ಯಾಟರಿ ಸೆಟ್ಟಿಂಗನ್ನು "ಅನ್‌ರಿಸ್ಟ್ರಿಕ್ಟೆಡ್" ಮಾಡಿ. ದಿನಕ್ಕೆ 1.5 ಜಿಬಿ ಡೇಟಾ ಪ್ಯಾಕ್ ನಂಬಿಕೊಂಡು ಈ ಕೆಲಸಕ್ಕೆ ಇಳಿಯಬೇಡಿ, ವೈಫೈ ಬೇಕೇ ಬೇಕು.

ಲ್ಯಾಪ್‌ಟಾಪ್‌ನಲ್ಲಿ ಡ್ರೈವ್ ತೆರೆದು ಫೋಲ್ಡರ್ ಡೌನ್‌ಲೋಡ್ ಕೊಟ್ಟರೆ ಜಿಪ್ ಆಗಿ ಇಳಿಯುತ್ತೆ, ದೊಡ್ಡದಿದ್ದರೆ ಹಲವು ತುಂಡಾಗಿ. ಎಲ್ಲರೂ ಎಡವೋದು ಇಲ್ಲೇ: ಮೊದಲ ಜಿಪ್ ಬಂತು ಅಂತ ಡ್ರೈವ್ ಖಾಲಿ ಮಾಡಿಬಿಡ್ತಾರೆ. ಎಲ್ಲ ತುಂಡೂ ಬಂದ ಮೇಲೆ ಒಂದೇ ಫೋಲ್ಡರ್‌ಗೆ ಬಿಚ್ಚಿ, ಪ್ರಾಪರ್ಟೀಸ್‌ನಲ್ಲಿ ಫೈಲ್ ಸಂಖ್ಯೆ ನೋಡಿ. ನೀವು ಕಳಿಸಿದ ಸಂಖ್ಯೆಗೆ ತಾಳೆಯಾದರೆ ಮಾತ್ರ ಡಿಲೀಟ್. ಡ್ರೈವ್‌ನ ಟ್ರ್ಯಾಷ್ ಕೂಡ ಖಾಲಿ ಮಾಡಿ, ಇಲ್ಲದಿದ್ದರೆ 30 ದಿನ ಆ ಜಾಗ ವಾಪಸ್ ಸಿಗಲ್ಲ.

ಗುಬ್ಬಿಗೂಡು:
ಮೇಲಿನದಕ್ಕೆ ಒಂದು ಸೇರಿಸ್ತೀನಿ. ಇಳಿಸಿಕೊಂಡ ಮೇಲೆ ವಿಂಡೋಸ್‌ನ "ಡೇಟ್ ಮಾಡಿಫೈಡ್" ನೋಡಿ ಗಾಬರಿಯಾಗಬೇಡಿ, ಅಲ್ಲಿ ಬೇರೆ ತಾರೀಖು ಕಾಣಬಹುದು. ತೆಗೆದ ತಾರೀಖು ಫೈಲಿನೊಳಗೇ ಸೇರಿಕೊಂಡಿರುವ ಮಾಹಿತಿ, ಅಂದರೆ ಎಕ್ಸಿಫ್‌ನಲ್ಲಿ ಇರುತ್ತೆ. "ಡೇಟ್ ಟೇಕನ್" ಕಾಲಮ್ ಹಾಕಿಕೊಂಡು ಅದರ ಪ್ರಕಾರ ಜೋಡಿಸಿ. ವಾಟ್ಸಾಪ್‌ನಲ್ಲಿ ಬಂದ ಫೋಟೋಗಳಲ್ಲಿ ಎಕ್ಸಿಫ್ ಇರಲ್ಲ, ಅವುಗಳ ತಾರೀಖಿಗೆ ಫೈಲ್ ಹೆಸರೇ ಗತಿ (20230814 ಅಂತ ಇರುತ್ತಲ್ಲ, ಅದು). ಹಾಗಾಗಿ ಹೆಸರು ಬದಲಾಯಿಸಬೇಡಿ. "ನನಗೇ ವಾಟ್ಸಾಪ್ ಮಾಡಿಕೊಂಡರೆ ಆಯ್ತು" ಅನ್ನೋ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ. ಡಾಕ್ಯುಮೆಂಟ್ ಆಗಿ ಕಳಿಸದಿದ್ದರೆ ಫೋಟೋ ಕುಗ್ಗಿಯೇ ಬರೋದು.

ತಂತಿಯಿಲ್ಲದವ:
ಎರಡೂ ಸಾಧನ ಪಕ್ಕಪಕ್ಕದಲ್ಲೇ ಇರುವಾಗ ಕ್ಲೌಡ್ ಯಾಕೆ ಸರ್? ಲ್ಯಾಪ್‌ಟಾಪ್‌ಗೆ ಗೂಗಲ್‌ನ ಕ್ವಿಕ್ ಶೇರ್ ಹಾಕಿ, ಎರಡರಲ್ಲೂ ಬ್ಲೂಟೂತ್, ವೈಫೈ ಆನ್ ಮಾಡಿ ನೇರವಾಗಿ ಕಳಿಸಿ. ಇಂಟರ್ನೆಟ್ ಡೇಟಾ ಖರ್ಚಾಗಲ್ಲ, 15 ಜಿಬಿ ತಲೆನೋವೂ ಇಲ್ಲ.

ಕಡಲತಡಿ:
ಲ್ಯಾಪ್‌ಟಾಪ್ ಊರಲ್ಲಿದೆ, ಫೋನ್ ಇಲ್ಲಿದೆ. ಹಾಗಾಗಿ ಡ್ರೈವೇ ಗತಿ. ಒಂದು ಕಂತು ಮುಗಿದ ತಕ್ಷಣ ಫೋನಿನಿಂದಲೂ ಅಳಿಸಬಹುದಾ?

ಬಯಲುಸೀಮೆ:
ಬೇಡ. ಹೇಗೂ ಫೋನ್ ರೀಸೆಟ್ ಮಾಡ್ತೀರಲ್ಲ, ಐದೂ ಕಂತು ಊರಿನ ಲ್ಯಾಪ್‌ಟಾಪ್‌ಗೆ ಇಳಿದು, ಪೆನ್‌ಡ್ರೈವ್‌ಗೋ ಹಾರ್ಡ್‌ಡಿಸ್ಕ್‌ಗೋ ಇನ್ನೊಂದು ಕಾಪಿ ಆಗುವವರೆಗೆ ಫೋಟೋಗಳು ಫೋನಿನಲ್ಲೇ ಇರಲಿ. ಊರಲ್ಲಿ ಇಳಿಸಿಕೊಳ್ಳುವವರಿಗೆ ಪ್ರತಿ ಕಂತಿನ ಫೈಲ್ ಸಂಖ್ಯೆಯನ್ನೂ ಮೆಸೇಜ್ ಮಾಡಿ.