ಸಹಾಯ ಬೇಕು: ಫ್ಯಾಕ್ಟೋರಿಯೊ ಕಂಪ್ಯೂಟರ್ ಗೇಮ್‌ನ ಸ್ಟೇಷನ್‌ನಲ್ಲಿ ವ್ಯಾಗನ್‌ಗೂ ಇನ್ಸರ್ಟರ್‌ಗೂ ಹೊಂದಿಕೆ ಆಗ್ತಿಲ್ಲ

ಎಲ್ಲರಿಗೂ ನಮಸ್ಕಾರ. ಕಾಸರಗೋಡಿನ ಕುಂಬಳೆಯಿಂದ ಬರೆಯುತ್ತಿದ್ದೇನೆ. ಮೂರು ದಿನದಿಂದ ಒಂದೇ ಸ್ಟೇಷನ್ ಕಟ್ಟಿ ಕೆಡವಿ ಸಾಕಾಗಿದೆ.

ನನ್ನ ರೈಲಿಗೆ ಮುಂದೆ ಒಂದು ಎಂಜಿನ್, ಹಿಂದೆ 4 ವ್ಯಾಗನ್. ಕಬ್ಬಿಣದ ಅದಿರು ಇಳಿಸಬೇಕು. ವ್ಯಾಗನ್ ಉದ್ದ 6 ಚೌಕ, ಎರಡರ ಮಧ್ಯೆ 1 ಚೌಕ ಖಾಲಿ. ಅಂದರೆ 7 ಚೌಕಕ್ಕೊಂದು ವ್ಯಾಗನ್. ಒಂದು ಬದಿಗೆ 6 ಇನ್ಸರ್ಟರ್ (ಸರಕು ಎತ್ತಿ ಇಡುವ ಯಂತ್ರದ ಕೈ), 6 ಪೆಟ್ಟಿಗೆ ಇಟ್ಟು, ಹಳಿಯನ್ನೂ ಸೇರಿಸಿ ಬ್ಲೂಪ್ರಿಂಟ್ (ಬೇಕಾದಲ್ಲಿ ಮತ್ತೆ ಇಡಬಹುದಾದ ನಕ್ಷೆ) ಮಾಡಿಕೊಂಡೆ. ಮೊದಲ ವ್ಯಾಗನ್‌ಗೆ ಚೆನ್ನಾಗಿ ಕೂತಿತು. ಪಕ್ಕದಲ್ಲಿ ಅದನ್ನೇ ಇಡಲು ಹೋದರೆ 6ಕ್ಕೆ ಇಲ್ಲವೇ 8ಕ್ಕೆ ಹಾರುತ್ತದೆ. 7ಕ್ಕೆ ನಿಲ್ಲುವುದೇ ಇಲ್ಲ. ಹಳಿ ಯಾವಾಗಲೂ 2 ಚೌಕದ ಲೆಕ್ಕದಲ್ಲೇ ಕೂರುತ್ತದಲ್ಲ, ಅದಕ್ಕೇ ಇರಬೇಕು.

8ಕ್ಕೆ ಇಟ್ಟು ನೋಡಿದೆ. ನಾಲ್ಕನೇ ವ್ಯಾಗನ್ ಹೊತ್ತಿಗೆ 3 ಚೌಕ ಆಚೆ ಹೋಗಿದೆ. ಕೊನೆಯ ಮೂರು ಇನ್ಸರ್ಟರ್ ಖಾಲಿ ಹಳಿಯ ಕಡೆ ಕೈ ಚಾಚಿ ಸುಮ್ನೆ ನಿಂತಿವೆ. ಅವುಗಳ ಪೆಟ್ಟಿಗೆಯಲ್ಲಿ ಒಂದು ತುಂಡು ಅದಿರೂ ಇಲ್ಲ. ನಮ್ಮೂರ ಪ್ಲಾಟ್‌ಫಾರಂನಲ್ಲಿ ಬೋಗಿ ಸ್ವಲ್ಪ ಆಚೆ ನಿಂತರೆ ಓಡಿ ಹತ್ತುತ್ತೇವೆ. ಇನ್ಸರ್ಟರ್ ಓಡುವುದಿಲ್ಲ ಅಲ್ವಾ.

ಸ್ಟಾಪ್ ಕಂಬ ರೈಲು ಹೋಗುವ ದಿಕ್ಕಿನ ಬಲಗಡೆಯೇ ಇದೆ. ಹಳಿಯೂ ನೇರ, ತಿರುವು ಇಲ್ಲ.

ಹಳಿ ಬಿಟ್ಟು ಬರೀ ಇನ್ಸರ್ಟರ್, ಪೆಟ್ಟಿಗೆಯ ಬ್ಲೂಪ್ರಿಂಟ್ ಮಾಡಿಕೊಳ್ಳಲಾ? ಅಥವಾ 2 ವ್ಯಾಗನ್ ಸೇರಿಸಿ 14 ಚೌಕದ್ದೇ ಒಂದು ಮಾಡುವುದು ಒಳ್ಳೆಯದಾ? ಮುಂದೆ ಎಣ್ಣೆ ವ್ಯಾಗನ್ ಬೇರೆ ಜೋಡಿಸಬೇಕು, ಅದಕ್ಕೆ ಪಂಪ್ ಇಡುವಾಗಲೂ ಇದೇ ಲೆಕ್ಕ ನಡೆಯುತ್ತದಾ? ನಿಮ್ಮ ಸ್ಟೇಷನ್‌ನ ಒಂದು ಫೋಟೋ ಹಾಕಿದರೆ ತುಂಬಾ ಉಪಕಾರ.