ಲೀಗಲ್ ಅಕೌಂಟ್ಸ್ ವಾರ್ಷಿಕ ಸಮ್ಮೇಳನ: ಏನು ಒಯ್ಯಬೇಕು, ಆ ದಿನದ ಪೇಮೆಂಟ್ ಯಾರು ನೋಡಬೇಕು?

ಪ್ರಶ್ನೆ: ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ಸಾಲಿಸಿಟರ್ (ವಕೀಲರ) ಸಂಸ್ಥೆಯೊಂದರಲ್ಲಿ ಲೀಗಲ್ ಕ್ಯಾಷಿಯರ್ ಆಗಿದ್ದೇನೆ, ಅಂದರೆ ಸಂಸ್ಥೆಯ ಮತ್ತು ಕಕ್ಷಿದಾರರ ಹಣದ ಲೆಕ್ಕ ನೋಡುವವಳು. ಅಕೌಂಟ್ಸ್‌ನಲ್ಲಿ ಇರುವವರು ಇಬ್ಬರೇ. ಕ್ಯಾಷಿಯರ್, ಬುಕ್‌ಕೀಪರ್‌ಗಳ ವಾರ್ಷಿಕ ಸಮ್ಮೇಳನಕ್ಕೆ ಈ ಸಲ ನನ್ನನ್ನು ಕಳಿಸುತ್ತಿದ್ದಾರೆ. ಒಂದು ದಿನದ ಕಾರ್ಯಕ್ರಮ, ಒಂದೇ ಹೊತ್ತಿಗೆ ಎರಡು ಮೂರು ಗೋಷ್ಠಿ. ಯಾವುದಕ್ಕೆ ಕೂರುವುದು, ಏನು ತಯಾರಿ ಮಾಡಿಕೊಳ್ಳುವುದು, ಆ ದಿನ ಹೊರಗೆ ಹೋಗಬೇಕಾದ ಹಣದ ಕತೆ ಏನು? ತಿಳಿದವರು ಹೇಳಿ.

ಉತ್ತರ: ಮೇಡಂ, ಮೊದಲು ಕೊನೆಯ ಪ್ರಶ್ನೆ, ಏಕೆಂದರೆ ಅದಕ್ಕೆ ಬ್ಯಾಂಕಿನ ಕೆಲಸವಿದೆ, ಕೊನೆಗಳಿಗೆಯಲ್ಲಿ ಆಗುವುದಿಲ್ಲ. ಇಬ್ಬರೇ ಇರುವ ಕಡೆ ಸಾಮಾನ್ಯವಾಗಿ ಒಬ್ಬರು ಪೇಮೆಂಟ್ ಹಾಕುತ್ತಾರೆ, ಇನ್ನೊಬ್ಬರು ಅಪ್ರೂವ್ ಮಾಡುತ್ತಾರೆ. ಒಬ್ಬರು ಹೊರಟರೆ ಆ ಕೊಂಡಿ ಕಳಚುತ್ತದೆ. ಆಗ ಕಾರ್ಡ್ ರೀಡರ್, ಪಿನ್ ಎರಡನ್ನೂ ಉಳಿದವರ ಕೈಗೆ ಕೊಟ್ಟು ಹೋಗುವವರಿದ್ದಾರೆ. ಅದು ಕೂಡದು. ಕ್ಲೈಂಟ್ ಅಕೌಂಟಿನಿಂದ (ಕಕ್ಷಿದಾರರ ಹಣ ಇಡುವ ಖಾತೆ) ಹೋಗುವ ಪ್ರತಿ ಹಣಕ್ಕೂ ಸರಿಯಾದ ಅನುಮತಿ, ಮೇಲ್ವಿಚಾರಣೆ ಇರಬೇಕು ಎನ್ನುತ್ತದೆ ಎಸ್‌ಆರ್‌ಎ (ಸಾಲಿಸಿಟರ್ ಸಂಸ್ಥೆಗಳ ನಿಯಂತ್ರಕ) ಅಕೌಂಟ್ಸ್ ರೂಲ್ಸ್‌ನ ನಿಯಮ 5.2. ಒಬ್ಬರ ಪಿನ್ ಇನ್ನೊಬ್ಬರು ಒತ್ತಿದರೆ ಅನುಮತಿ ಕೊಟ್ಟವರು ಯಾರು ಎಂಬುದಕ್ಕೆ ದಾಖಲೆಯೇ ಉಳಿಯುವುದಿಲ್ಲ. ಪಾಲುದಾರರಲ್ಲಿ ಒಬ್ಬರನ್ನು ಅಪ್ರೂವರ್ ಆಗಿ ಬ್ಯಾಂಕಿನಲ್ಲಿ ಮೊದಲೇ ಸೇರಿಸಿ, ಸಣ್ಣ ಮೊತ್ತದ ಆಫೀಸ್ ಪೇಮೆಂಟ್ (ಸಂಸ್ಥೆಯ ಸ್ವಂತ ಖಾತೆಯದು) ಒಂದನ್ನು ಅವರಿಂದ ಅಪ್ರೂವ್ ಮಾಡಿಸಿ ನೋಡಿ. ಅವರ ಲಾಗಿನ್ ಲಾಕ್ ಆಗಿರುವುದು ಗೊತ್ತಾಗುವುದೇ ಆಗ.

ಕನ್ವೇಯನ್ಸಿಂಗ್ (ಆಸ್ತಿ ವರ್ಗಾವಣೆ) ವಿಭಾಗದಿಂದ ಆ ದಿನದ ಕಂಪ್ಲೀಷನ್ (ಹಣ ಸಂದಾಯವಾಗಿ ಖರೀದಿ ಪೂರ್ಣಗೊಳ್ಳುವುದು) ಪಟ್ಟಿ ತರಿಸಿಕೊಳ್ಳಿ. ಶುಕ್ರವಾರ, ತಿಂಗಳ ಕೊನೆಯಲ್ಲಿ ಸಮ್ಮೇಳನ ಬಿದ್ದರೆ ಪಟ್ಟಿ ಉದ್ದವಿರುತ್ತದೆ. ಚಾಪ್ಸ್ (ದೊಡ್ಡ ಮೊತ್ತವನ್ನು ಅದೇ ದಿನ ತಲುಪಿಸುವ ಬ್ಯಾಂಕ್ ವ್ಯವಸ್ಥೆ) ಪೇಮೆಂಟಿಗೆ ನಿಮ್ಮ ಬ್ಯಾಂಕಿನ ಕೊನೆಯ ಸಮಯ ಎಷ್ಟೆಂದು ಬರೆದಿಟ್ಟು ಹೋಗಿ. ಆಸ್ತಿ ಖರೀದಿಯ ತೆರಿಗೆಯಾದ ಸ್ಟ್ಯಾಂಪ್ ಡ್ಯೂಟಿ ಲ್ಯಾಂಡ್ ಟ್ಯಾಕ್ಸ್‌ಗೆ ಕಂಪ್ಲೀಷನ್ ಆದ 14 ದಿನಗಳೊಳಗೆ ರಿಟರ್ನ್, ಹಣ ಎರಡೂ ಹೋಗಬೇಕು. ಆ ಗಡುವು ಸಮ್ಮೇಳನದ ದಿನವೇ ಮುಗಿಯುವ ಫೈಲ್‌ಗಳಿದ್ದರೆ ಹಿಂದಿನ ದಿನವೇ ಮುಗಿಸಿ.

ಇನ್ನೊಂದು ಮಾತು. ಮುಖ್ಯ ಕ್ಯಾಷಿಯರ್ ಊರಿನಲ್ಲಿಲ್ಲ ಎಂಬುದು ವಂಚಕರಿಗೆ ಬೇಕಾದ ಸುದ್ದಿ. ಇಮೇಲ್‌ನ ಆಟೋ ರಿಪ್ಲೈನಲ್ಲಿ "ಸಮ್ಮೇಳನದಲ್ಲಿದ್ದೇನೆ, ತುರ್ತು ಪೇಮೆಂಟಿಗೆ ಇಂಥವರನ್ನು ಕೇಳಿ" ಎಂದು ಹಾಕಬೇಡಿ. ಬ್ಯಾಂಕ್ ವಿವರ ಬದಲಾಗಿದೆ ಎಂಬ ಇಮೇಲ್ ಬಂದರೆ, ಆ ಇಮೇಲಿನಲ್ಲಿರುವ ನಂಬರಿಗಲ್ಲ, ಫೈಲ್ ತೆರೆದಾಗ ದಾಖಲಾದ ನಂಬರಿಗೆ ಕರೆ ಮಾಡಿ ಖಚಿತಪಡಿಸಿಕೊಳ್ಳಬೇಕು. ಕನ್ಫರ್ಮೇಷನ್ ಆಫ್ ಪೇಯಿ (ಖಾತೆದಾರರ ಹೆಸರನ್ನು ಬ್ಯಾಂಕ್ ತಾಳೆ ನೋಡುವ ವ್ಯವಸ್ಥೆ) ಹೆಸರು ಹೊಂದುತ್ತದೆ ಎಂದಷ್ಟೇ ಹೇಳುತ್ತದೆ, ಆ ಖಾತೆಗೇ ಹಣ ಹೋಗಬೇಕಿತ್ತು ಎಂದಲ್ಲ.

ಮರುಪ್ರಶ್ನೆ: ಧನ್ಯವಾದ ಸರ್, ಆಟೋ ರಿಪ್ಲೈ ವಿಷಯ ಹೊಳೆದೇ ಇರಲಿಲ್ಲ. ಗೋಷ್ಠಿಗಳ ಬಗ್ಗೆ? ಪಟ್ಟಿಯಲ್ಲಿ ನಿಯಮಗಳ ಬಗ್ಗೆ ಒಂದು, ವ್ಯಾಟ್ ಬಗ್ಗೆ ಒಂದು, ರೀಕನ್ಸಿಲಿಯೇಷನ್ (ಬ್ಯಾಂಕಿನ ಲೆಕ್ಕವನ್ನು ನಮ್ಮ ಪುಸ್ತಕಗಳೊಂದಿಗೆ ತಾಳೆ ನೋಡುವುದು), ಉಳಿಕೆ ಬಾಕಿ (ಕೆಲಸ ಮುಗಿದ ಮೇಲೂ ಉಳಿದ ಕಕ್ಷಿದಾರರ ಹಣ), ಜೊತೆಗೆ ನಾಯಕತ್ವ ಇತ್ಯಾದಿ ಇವೆ.

ಉತ್ತರ: ಪಟ್ಟಿ ನೋಡಿ ಆರಿಸಬೇಡಿ, ನಿಮ್ಮ ಪುಸ್ತಕ ನೋಡಿ ಆರಿಸಿ. ಹೋಗುವ ವಾರ ಮೂರು ದಾಖಲೆ ತೆಗೆಯಿರಿ: ಈಚಿನ ಕ್ಲೈಂಟ್ ಅಕೌಂಟ್ ರೀಕನ್ಸಿಲಿಯೇಷನ್, ನಿಯಮ ಉಲ್ಲಂಘನೆಗಳ ರಿಜಿಸ್ಟರ್, ಕೊನೆಯ ವ್ಯವಹಾರದ ದಿನಾಂಕದ ಪ್ರಕಾರ ಜೋಡಿಸಿದ ಕ್ಲೈಂಟ್ ಬಾಕಿಗಳ ಪಟ್ಟಿ. ರಿಜಿಸ್ಟರಿನಲ್ಲಿ ಒಂದೇ ಬಗೆಯ ತಪ್ಪು ಮತ್ತೆ ಮತ್ತೆ ಬಂದಿದ್ದರೆ ಅದೇ ನಿಮ್ಮ ಗೋಷ್ಠಿ. ರಿಜಿಸ್ಟರ್ ಖಾಲಿ ಇದ್ದರೆ ಇನ್ನೂ ಹೆಚ್ಚು ಅನುಮಾನಪಡಿ. ಕ್ಲೈಂಟ್ ಹಣ ಓಡಾಡುವ ಕಡೆ ವರ್ಷವಿಡೀ ಒಂದೂ ತಪ್ಪಾಗಿಲ್ಲವೆಂದರೆ ಬಹುಪಾಲು ಯಾರೂ ಬರೆದಿಲ್ಲ ಎಂದೇ ಅರ್ಥ.

ಈಗಿನ ನಿಯಮಗಳು ಜಾರಿಗೆ ಬಂದದ್ದು 2019ರ ನವೆಂಬರ್ 25ರಂದು. ಬರೀ 13 ನಿಯಮ, ಅರ್ಧ ಗಂಟೆಯಲ್ಲಿ ಓದಿ ಮುಗಿಸಬಹುದು. ಓದದೆ ಗೋಷ್ಠಿಗೆ ಕೂತರೆ ಅಲ್ಲಿ ಓದಿ ಹೇಳುವುದನ್ನೇ ಕೇಳಿಸಿಕೊಂಡು ಬರುತ್ತೀರಿ. ಓದಿ ಹೋದರೆ "ಪ್ರಾಂಪ್ಟ್ಲಿ" (ತಡಮಾಡದೆ) ಎಂದಿರುವ ಕಡೆ ನಿಮ್ಮಲ್ಲಿ ಎಷ್ಟು ದಿನ ಎಂದು ಬರೆದಿಟ್ಟಿದ್ದೀರಿ ಎಂದು ಪಕ್ಕದವರನ್ನು ಕೇಳಬಹುದು. ಹಳೆಯ ನಿಯಮಗಳಲ್ಲಿದ್ದ ಎಷ್ಟೋ ನಿಗದಿತ ದಿನಗಳು ಹೋಗಿ ಆ ಪದ ಬಂದಿದೆ. ಸಂಸ್ಥೆಯೇ ತನ್ನ ಗಡುವನ್ನು ಬರಹದಲ್ಲಿ ಹಾಕಿಕೊಳ್ಳದಿದ್ದರೆ ಅಕೌಂಟೆಂಟರ ತಪಾಸಣೆಯಲ್ಲಿ ಉತ್ತರ ಹುಡುಕಬೇಕಾಗುತ್ತದೆ.

ವ್ಯಾಟ್ ಗೋಷ್ಠಿಯನ್ನು ಬಿಡಬೇಡಿ. 2017ರ ಬ್ರಾಬ್ನರ್ಸ್ (ಒಂದು ಸಾಲಿಸಿಟರ್ ಸಂಸ್ಥೆ) ತೆರಿಗೆ ತೀರ್ಪಿನ ನಂತರ, ಆಸ್ತಿಯ ಸರ್ಚ್ (ದಾಖಲೆ ಪರಿಶೀಲನೆ) ವರದಿಯನ್ನು ಓದಿ ಸಲಹೆ ಕೊಡಲು ಬಳಸಿದರೆ ಆ ಶುಲ್ಕವನ್ನು ವ್ಯಾಟ್ ಇಲ್ಲದ ಡಿಸ್ಬರ್ಸ್‌ಮೆಂಟ್ (ಕಕ್ಷಿದಾರರ ಪರವಾಗಿ ಕೊಟ್ಟ ಖರ್ಚು) ಎಂದು ದಾಟಿಸುವಂತಿಲ್ಲ. ಹಲವು ಸಂಸ್ಥೆಗಳ ಬಿಲ್ ಟೆಂಪ್ಲೇಟ್‌ಗಳಲ್ಲಿ ಹಳೆಯ ಕೋಡ್ ಹಾಗೇ ಕೂತಿರುತ್ತದೆ. ನಿಮ್ಮ ಸಂಸ್ಥೆಯ ಕನ್ವೇಯನ್ಸಿಂಗ್ ಬಿಲ್ ಒಂದನ್ನು, ಹೆಸರು ವಿಳಾಸ ಅಳಿಸಿ, ಜೊತೆಗೆ ಒಯ್ಯಿರಿ. ಕಕ್ಷಿದಾರರ ಹೆಸರಿರುವ ಒಂದು ಹಾಳೆಯೂ ಕಚೇರಿಯಿಂದ ಹೊರಗೆ ಹೋಗಬಾರದು. ಊಟದ ಹೊತ್ತಿನ ಮಾತಿಗೂ ಅದೇ ಮಿತಿ.

ನಾಯಕತ್ವದ ಗೋಷ್ಠಿ ಊಟದ ನಂತರ ಇದ್ದರೆ ಆ ಹೊತ್ತಿಗೆ ಸಾಫ್ಟ್‌ವೇರ್ ಮಳಿಗೆಗಳನ್ನು ನೋಡಿಬನ್ನಿ ಎಂಬುದು ನನ್ನ ಅಭಿಪ್ರಾಯ.

ಇನ್ನೊಬ್ಬರ ಪ್ರಶ್ನೆ: ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ರೀಕನ್ಸಿಲಿಯೇಷನ್ ಗೋಷ್ಠಿಯಲ್ಲಿ ಹೊಸದೇನಿರುತ್ತದೆ? ಐದು ವಾರಕ್ಕೊಮ್ಮೆ ಮಾಡುತ್ತೇವೆ, ತಾಳೆಯಾಗುತ್ತದೆ, ಸಹಿ ಹಾಕಿಸುತ್ತೇವೆ.

ಉತ್ತರ: ತಾಳೆಯಾದ ಮಾತ್ರಕ್ಕೆ ಸರಿಯಾಗಿದೆ ಎಂದಲ್ಲ ಸರ್. ನಿಯಮ 8.3 ಕೇಳುವುದು ಮೂರು ಅಂಕಿಗಳನ್ನು: ಬ್ಯಾಂಕ್ ಸ್ಟೇಟ್‌ಮೆಂಟ್, ಕ್ಯಾಶ್ ಬುಕ್, ಕ್ಲೈಂಟ್ ಲೆಡ್ಜರ್‌ಗಳ ಒಟ್ಟು ಮೊತ್ತ. ಮೂರೂ ಹೊಂದಿದರೂ ಒಳಗೆ ಹುಳುಕಿರಬಹುದು. ಒಬ್ಬ ಕಕ್ಷಿದಾರರ ಲೆಡ್ಜರ್ 400 ಪೌಂಡ್ ಮೈನಸ್‌ನಲ್ಲಿದೆ, ಉಳಿದವರದು ಪ್ಲಸ್‌ನಲ್ಲಿದೆ ಎನ್ನಿ. ಒಟ್ಟು ಮೊತ್ತದಲ್ಲಿ ಆ 400 ಮುಚ್ಚಿಹೋಗುತ್ತದೆ. ಆದರೆ ಅದು ಬೇರೆ ಕಕ್ಷಿದಾರರ ಹಣದಿಂದ ಕೊಟ್ಟ 400, ನಿಯಮ 5.3ಕ್ಕೆ ನೇರ ಉಲ್ಲಂಘನೆ. ಆದ್ದರಿಂದ ಬಾಕಿಗಳ ಪಟ್ಟಿಯಲ್ಲಿ ಡೆಬಿಟ್ ಬಾಕಿಗಳನ್ನು ಬೇರೆ ಅಂಕಣದಲ್ಲಿ ತೆಗೆದು ನೋಡಿ, ಸಿಕ್ಕಿದ ಕೂಡಲೇ ಆಫೀಸ್ ಅಕೌಂಟಿನಿಂದ ತುಂಬಿ, ರಿಜಿಸ್ಟರಿನಲ್ಲಿ ಬರೆಯಿರಿ. ಹಾಗೆಯೇ ಆಫೀಸ್ ಲೆಡ್ಜರಿನ ಕ್ರೆಡಿಟ್ ಬಾಕಿಗಳನ್ನೂ ನೋಡಿ. ಅಲ್ಲಿ ಕ್ಲೈಂಟ್ ಹಣ ತಪ್ಪಿ ಕೂತಿರಬಹುದು.

ವ್ಯತ್ಯಾಸ ಬಂದಾಗ ಹುಡುಕುವ ಹಳೆಯ ಉಪಾಯ ಈಗಲೂ ಕೆಲಸಕ್ಕೆ ಬರುತ್ತದೆ. ವ್ಯತ್ಯಾಸ 9ರಿಂದ ನಿಶ್ಶೇಷವಾಗಿ ಭಾಗವಾದರೆ ಅಂಕಿ ಅದಲುಬದಲಾಗಿರುವ ಸಾಧ್ಯತೆ ಹೆಚ್ಚು: 540 ಬದಲು 450 ಬರೆದರೆ ವ್ಯತ್ಯಾಸ 90. ವ್ಯತ್ಯಾಸವನ್ನು ಅರ್ಧ ಮಾಡಿದ ಮೊತ್ತದ ನಮೂದು ಸಿಕ್ಕರೆ ಡೆಬಿಟ್ ಹೋಗಬೇಕಾದದ್ದು ಕ್ರೆಡಿಟ್ ಆಗಿರಬಹುದು. ಸಣ್ಣ ಬಿಡಿ ಮೊತ್ತವಾದರೆ ಕ್ಲೈಂಟ್ ಅಕೌಂಟಿನಿಂದ ಬ್ಯಾಂಕ್ ಕತ್ತರಿಸಿದ ಶುಲ್ಕವನ್ನು ಮೊದಲು ನೋಡಿ. ಸಸ್ಪೆನ್ಸ್ ಲೆಡ್ಜರಿಗೆ (ಗುರುತು ಸಿಗದ ಮೊತ್ತಗಳ ತಾತ್ಕಾಲಿಕ ಲೆಕ್ಕ) ತಳ್ಳಿ ತಾಳೆ ಮಾಡುವುದು ತಾಳೆಯಲ್ಲ.

ಸ್ಟೇಟ್‌ಮೆಂಟನ್ನು ರೀಕನ್ಸಿಲಿಯೇಷನ್ ಮಾಡುವವರೇ ಬ್ಯಾಂಕಿನಿಂದ ನೇರವಾಗಿ ಇಳಿಸಿಕೊಳ್ಳಬೇಕು, ಯಾರೋ ಕಳಿಸಿದ ಪ್ರತಿಯನ್ನು ನಂಬಬಾರದು. 2023ರಲ್ಲಿ ಎಸ್‌ಆರ್‌ಎ ಮಧ್ಯಪ್ರವೇಶಿಸಿ ಮುಚ್ಚಿಸಿದ ಆಕ್ಸಿಯಮ್ ಇನ್ಸ್ ಸಂಸ್ಥೆಯಲ್ಲಿ 6 ಕೋಟಿ ಪೌಂಡಿಗೂ ಹೆಚ್ಚು ಕ್ಲೈಂಟ್ ಹಣ ಕಾಣೆಯಾಗಿತ್ತು. ಆಮೇಲೆ ಈ ವಿಷಯದಲ್ಲಿ ಯಾರೂ ಸಡಿಲ ಬಿಡುವುದಿಲ್ಲ. ಸಹಿ ಹಾಕುವ ಕೋಫಾ (ಸಂಸ್ಥೆಯ ಹಣಕಾಸು ನಿಯಮಪಾಲನೆಗೆ ಹೊಣೆಯಾದ ಅಧಿಕಾರಿ) ಅಥವಾ ಪಾಲುದಾರರಿಗೆ ಮೊದಲ ಪುಟವನ್ನಷ್ಟೇ ಕೊಡದೆ ಡೆಬಿಟ್ ಪಟ್ಟಿ, ಹಳೆಯ ಚೆಕ್‌ಗಳ ಪಟ್ಟಿಯನ್ನೂ ಮುಂದಿಡಿ.

ಮರುಪ್ರಶ್ನೆ: ಉಳಿಕೆ ಬಾಕಿ ನಮ್ಮಲ್ಲಿ ದೊಡ್ಡ ತಲೆನೋವು ಸರ್. ಮುಗಿದ ಫೈಲ್‌ಗಳಲ್ಲಿ 3 ಪೌಂಡ್, 40 ಪೌಂಡ್, ಒಂದೆರಡರಲ್ಲಿ 600ರ ಮೇಲೆ. ಎಲ್ಲವನ್ನೂ ದಾನ ಕೊಟ್ಟು ಮುಗಿಸೋಣ ಎನ್ನುತ್ತಾರೆ ಪಾಲುದಾರರು.

ಉತ್ತರ: 500 ಪೌಂಡ್ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಎಸ್‌ಆರ್‌ಎ ಅನುಮತಿ ಕೇಳದೆ ದಾನಸಂಸ್ಥೆಗೆ ಕೊಡಬಹುದು, ಆದರೆ ಷರತ್ತುಗಳಿವೆ. ಹಣದ ಒಡೆಯರಿಗೆ ಹಿಂತಿರುಗಿಸಲು ತಕ್ಕ ಪ್ರಯತ್ನ ಮಾಡಿರಬೇಕು. ಮೊತ್ತ, ಎಷ್ಟು ಹಳೆಯದು, ಕೈಯಲ್ಲಿರುವ ವಿವರ ಇವುಗಳಿಗೆ ತಕ್ಕಂತೆ. 3 ಪೌಂಡಿಗೆ ಪತ್ತೆದಾರರನ್ನು ಹಿಡಿಯಬೇಕಿಲ್ಲ, ಆದರೆ 400ಕ್ಕೆ ಒಂದೇ ಇಮೇಲ್ ಸಾಲದು. ಮಾಡಿದ ಪ್ರಯತ್ನದ ದಾಖಲೆ 6 ವರ್ಷ ಇರಬೇಕು. ಹಣದ ಒಡೆಯರ ಹೆಸರು, ಮೊತ್ತ, ದಾನಸಂಸ್ಥೆ, ದಿನಾಂಕ ಇರುವ ಒಂದೇ ಕೇಂದ್ರ ರಿಜಿಸ್ಟರ್ ಇಡಬೇಕು. ಹುಡುಕಿದ ಖರ್ಚನ್ನು ಆ ಬಾಕಿಯಿಂದ ಕತ್ತರಿಸುವಂತಿಲ್ಲ. 500 ದಾಟಿದ್ದಕ್ಕೆ ಅನುಮತಿಯ ಅರ್ಜಿ ಬೇಕೇ ಬೇಕು.

ಇದಕ್ಕಿಂತ ಕೆಟ್ಟದ್ದೊಂದಿದೆ: ಬಾಕಿ ತೀರಿಸಲು ಅಷ್ಟೇ ಮೊತ್ತದ ಬಿಲ್ ಎಬ್ಬಿಸಿ ಆಫೀಸ್ ಅಕೌಂಟಿಗೆ ಎಳೆಯುವುದು. ನಿಯಮ 4.3ರಂತೆ ಬಿಲ್ ಅಥವಾ ಲಿಖಿತ ಸೂಚನೆ ಕಕ್ಷಿದಾರರ ಕೈ ಸೇರಬೇಕು, ನಿಜವಾಗಿ ಆದ ಕೆಲಸಕ್ಕೆ ಆಗಿರಬೇಕು, ಎತ್ತುವುದು ಅದರಲ್ಲಿರುವ ನಿರ್ದಿಷ್ಟ ಮೊತ್ತ ಮಾತ್ರ. ಮುದ್ರಿಸಿ ಫೈಲಿನಲ್ಲಿಟ್ಟ ಬಿಲ್ ಬಿಲ್ಲಲ್ಲ. ಪಾಲುದಾರರಿಗೆ ಇದನ್ನು ನೀವು ಹೇಳುವುದು ಕಷ್ಟವಾದರೆ, ಗೋಷ್ಠಿಯಲ್ಲಿ ಪ್ರಶ್ನೆ ಕೇಳಿ, ಉತ್ತರವನ್ನು ಟಿಪ್ಪಣಿಯಾಗಿ ಕೋಫಾಗೆ ಇಮೇಲ್ ಮಾಡಿ. ಹೊರಗಿನವರ ಬಾಯಿಂದ ಬಂದ ಮಾತಿಗೆ ತೂಕ ಹೆಚ್ಚು.

ಮರುಪ್ರಶ್ನೆ: ಕೊನೆಯದು. ಟಿಕೆಟಿನ ಹಣ ನಾನೇ ಕಟ್ಟಿ ಆಮೇಲೆ ಸಂಸ್ಥೆಯಿಂದ ಪಡೆಯಬಹುದೇ?

ಉತ್ತರ: ಪಡೆಯಬಹುದು, ಆದರೆ ಇನ್‌ವಾಯ್ಸ್ ಸಂಸ್ಥೆಯ ಹೆಸರಿನಲ್ಲೇ ಬರೆಸಿ. ನಿಮ್ಮ ಹೆಸರಿನಲ್ಲಿದ್ದರೆ ವ್ಯಾಟ್ ಹಿಂಪಡೆಯುವಾಗ ತಕರಾರು. ನೋಂದಣಿ ಫಾರ್ಮಿನಲ್ಲಿ ಬಿಲ್ಲಿಂಗ್ ವಿಳಾಸಕ್ಕೆ ಬೇರೆ ಜಾಗವಿದೆಯೇ ನೋಡಿ, ಇಲ್ಲವಾದರೆ ಆಯೋಜಕರಿಗೆ ಮೊದಲೇ ಬರೆಯಿರಿ. ಕಾರ್ಯಕ್ರಮ ಮುಗಿದ ಮೇಲೆ ತಿದ್ದಿಸುವುದು ತಿಂಗಳ ಕೆಲಸ.