ಸ್ಮಾರ್ಟ್ ಮೀಟರ್ ಹಗಲು ಓಡ್ತದೆ, ರಾತ್ರಿ ತೆವಳ್ತದೆ. ಯಾರಿಗಾದ್ರೂ ಗೊತ್ತುಂಟಾ?

ಕುಮಟಾಕಡೆ: ತಲೆ ಕೆಟ್ಟುಹೋಗಿದೆ. ಹೊಸ ಸ್ಮಾರ್ಟ್ ಮೀಟರ್ ಕೂರಿಸಿ ಹೋದ್ರು, ಬಿಲ್ ದುಪ್ಪಟ್ಟು. ಮನೆಯಲ್ಲಿ ನಾನು, ಆಯಿ ಇಬ್ರೇ. ಮಧ್ಯಾಹ್ನ ಫ್ರಿಜ್ ಬಿಟ್ರೆ ಏನೂ ಓಡೂದಿಲ್ಲ, ಆದ್ರೂ ಮೀಟರಿನ ಕೆಂಪು ದೀಪ ಪಟಪಟ ಮಿಣುಕ್ತದೆ. ಕತ್ತಲಾದ ಮೇಲೆ ಟಿವಿ, ಫ್ಯಾನ್ ಹಾಕಿದ್ರೂ ನಿಧಾನ. ಕಚೇರಿಯಲ್ಲಿ ಕೇಳಿದ್ರೆ ‘ಆ್ಯಪ್ ನೋಡಿ’ ಅಂತಾರೆ.

ಬಾವಿಪಂಪ್: ಅರ್ಥ್ ಲೀಕೇಜ್, ಕರೆಂಟ್ ನೆಲಕ್ಕೆ ಸೋರ್ತಿದೆ. ಉಪ್ಪುಗಾಳಿಗೆ ವೈರಿಂಗ್ ಉಳೀತದಾ? ಮೇನ್ ಆಫ್ ಮಾಡಿ ನೋಡಿ.

ಕುಮಟಾಕಡೆ: ಆಫ್ ಮಾಡಿದ್ರೆ ನಿಲ್ತದೆ.

ಬಾವಿಪಂಪ್: ಅಷ್ಟೇ! ಮನೆ ಒಳಗಿನ ಲೀಕೇಜೇ. ಪಂಪಿನ ಕೇಬಲ್‌ಗೆ ಮೆಗ್ಗರ್ ಹಾಕ್ಸಿ, ಇನ್ಸುಲೇಶನ್ ಹಾಳಾಗಿದ್ರೆ ಆ ಮೀಟರ್ ತೋರಿಸ್ತದೆ.

ಶಿರಸಿಪೇಟೆ: ಲೀಕೇಜ್ ರಾತ್ರಿ ರಜೆ ಹಾಕ್ತದಾ?

ಬಾವಿಪಂಪ್: ಕೇಬಲ್ ಬಿಸಿಲಿಗೆ ಕಾಯ್ತದಲ್ಲ.

ಅಂಕೋಲೆಗ: ಗೃಹಜ್ಯೋತಿಯ 200 ಯೂನಿಟ್ ದಾಟಿಸೂದೇ ಈ ಮೀಟರಿನ ಕೆಲಸ.

ಶಿರಸಿಪೇಟೆ: ಎಲ್ಲರಿಗೂ 200 ಇಲ್ಲ. 2022-23ರ ಸರಾಸರಿ ಬಳಕೆ, ಅದರ ಮೇಲೆ ಹೆಚ್ಚಿನವ್ರಿಗೆ ಶೇ 10. 200 ಮೇಲ್ಮಿತಿ ಅಷ್ಟೇ.

ಅಂಕೋಲೆಗ: ಪಾಠ ಬೇಡ.

ಕುಮಟಾಕಡೆ: ಜಗಳ ಆಮೇಲೆ ಮಾಡಿ. ಪಂಪಿನ ಕೇಬಲ್ ಬಿಚ್ಚಿಟ್ಟೆ, ಹಾಗೇ ಇದೆ. ಸೋಲಾರ್ ಆಫ್ ಮಾಡಿದಾಗ ಮಾತ್ರ ನಿಧಾನ ಆಯ್ತು.

ಶಿರಸಿಪೇಟೆ: ಸೋಲಾರ್ ಉಂಟಾ?! ಇಷ್ಟೊತ್ತು ಹೇಳ್ಲೇ ಇಲ್ವಲ್ಲ ಮಾರಾಯ್ರೆ. ಗ್ರಿಡ್‌ಗೆ, ಅಂದ್ರೆ ಹೊರಗಿನ ಲೈನಿಗೆ ಜೋಡಿಸಿದ್ದಾ?

ಕುಮಟಾಕಡೆ: ಹೌದು, ಕೇಂದ್ರದ ಸೂರ್ಯಘರ್ ಯೋಜನೆಯ 3 ಕಿಲೋವ್ಯಾಟ್. ಈಗ ಎಲ್ಲರ ಮನೆ ಮೇಲೂ ಇರ್ತದಲ್ಲ.

ಶಿರಸಿಪೇಟೆ: ಹಾಗಾದ್ರೆ ಮೀಟರನ್ನ ನೆಟ್ ಮೀಟರಿಂಗ್ ಮೋಡ್‌ಗೆ, ಅಂದ್ರೆ ಹೊರಗೆ ಕೊಟ್ಟದ್ದನ್ನ ಲೆಕ್ಕದಲ್ಲಿ ಕಳೆಯುವ ಹಾಗೆ, ಹಾಕಿಲ್ಲ ಅನ್ಸ್ತದೆ. ಕಳ್ಳತನ ತಡೆಯೋಕೆ, ವೈರ್ ತಿರುಗಿಸಿ ಕೊಟ್ರೂ ಬಳಕೆ ಅಂತಲೇ ಎಣಿಸುವ ಸೆಟ್ಟಿಂಗ್ ಇರ್ತದೆ. ಅದರಲ್ಲಿ ನೀವು ಹೊರಗೆ ಕಳಿಸಿದ ಕರೆಂಟೂ ನಿಮ್ಮ ತಲೆಗೇ. ಮೀಟರಿನ ಬಟನ್ ಒತ್ತುತ್ತಾ ಹೋಗಿ, ಇಂಪೋರ್ಟ್ (ಒಳಗೆ ಬಂದದ್ದು), ಎಕ್ಸ್‌ಪೋರ್ಟ್ (ಹೊರಗೆ ಹೋದದ್ದು) ಬೇರೆ ಬೇರೆ ಬರ್ಬೇಕು. ಮೀಟರ್ ಮುಖದ ಮೇಲೆ 3200 ಇಂಪಲ್ಸ್ ಅಂತಿದ್ರೆ ಅಷ್ಟು ಸಲ ಮಿಣುಕಿದ್ರೆ ಒಂದು ಯೂನಿಟ್. ಬಿಸಿಲಲ್ಲಿ ಇಂಪೋರ್ಟ್ ಮಾತ್ರ ಏರ್ತಿದ್ರೆ ವಿಡಿಯೋ ಮಾಡ್ಕೊಂಡು ಅರ್ಜಿ ಕೊಡಿ, ಸ್ವೀಕೃತಿ ಬಿಡ್ಬೇಡಿ.

ಕುಮಟಾಕಡೆ: ಆ ಬಟನ್ ನಾವು ಒತ್ಬಹುದು ಅಂತಲೇ ಯಾರೂ ಹೇಳ್ಲಿಲ್ಲ. ಸೀಲ್ ಉಂಟು ಅಂತ ಆಯಿ ಹತ್ರ ಹೋಗ್ಲಿಕ್ಕೇ ಬಿಡೂದಿಲ್ಲ. ನಾಳೆ ಬಿಸಿಲಿಗೆ ನೋಡಿ ಹಾಕ್ತೇನೆ.

ಬಾವಿಪಂಪ್: ಆದ್ರೂ ಒಂದು ಆರ್‌ಸಿಸಿಬಿ ಹಾಕ್ಸಿ, ಲೀಕೇಜ್ ಆದ್ರೆ ತಾನೇ ಕರೆಂಟ್ ಕಟ್ ಮಾಡ್ತದೆ.

ಹೊನ್ನಾವರ್ದಂವ: ನಂದು 5 ಕಿಲೋವ್ಯಾಟ್ ಹೈಬ್ರಿಡ್ ಸೋಲಾರ್, ಗ್ರಿಡ್ ಜೊತೆಗೆ ಲಿಥಿಯಂ ಬ್ಯಾಟರಿನೂ ಉಂಟು. ಲೈನ್ ಹೋದದ್ದೇ ಗೊತ್ತಾಗೂದಿಲ್ಲ.

ಶಿರಸಿಪೇಟೆ: ಆಷಾಢದಲ್ಲಿ ಎಷ್ಟು ಯೂನಿಟ್ ಬರ್ತದೆ, ಅದನ್ನ ಹಾಕಿ.